ಮೆಷಿನ್ ತರದಿದ್ದರೆ ಏನಾಗುತ್ತೆ?

ಅಕೌಂಟ್ಸ್‌ಗೆ ಸೇರಿದ ಎರಡನೇ ವರ್ಷ, ಹೊಸ ಪ್ಯಾಕಿಂಗ್ ಮೆಷಿನ್ ತರೋದು ಲಾಭವೋ ನಷ್ಟವೋ ಅನ್ನೋ ಲೆಕ್ಕ ನನ್ನ ತಲೆಗೆ ಬಂತು. ಮೂರು ದಿನ ಕೂತು ಶೀಟ್ ಮಾಡಿದೆ. ಮೇಡಂ ಪೆನ್ಸಿಲ್ ತಗೊಂಡು ಮೊದಲ ಸಾಲಿಗೇ ಗೀಟು ಎಳೆದರು. ಮೆಷಿನ್ ಪರೀಕ್ಷೆಗೆ ಕರೆಸಿದ್ದ ತಜ್ಞರ ಫೀಸು ಅದು.

"ಈ ದುಡ್ಡು ಹೋದ ತಿಂಗಳೇ ಹೋಯ್ತು. ಮೆಷಿನ್ ಬೇಡ ಅಂದ್ರೆ ವಾಪಸ್ ಕೊಡ್ತಾರೇನ್ರೀ?"

ಮೆಷಿನ್ ಖರ್ಚು ಅಂತ ನಾನು ಹಾಕಿದ್ದ ಸೂಪರ್‌ವೈಸರ್ ಸಂಬಳದ ಕಾಲು ಭಾಗವನ್ನೂ ಹೊಡೆದುಹಾಕಿದರು. ಮೆಷಿನ್ ಬಂದರೂ ಬಾರದಿದ್ದರೂ ಅವರಿಗೆ ಅಷ್ಟೇ ಸಂಬಳ. ಸಾಲದ ಬಡ್ಡಿಯೂ ಹೋಯಿತು. ಅದು ಡಿಸ್ಕೌಂಟ್ ರೇಟಿನೊಳಗೆ, ಅಂದರೆ ಮುಂದೆ ಬರೋ ದುಡ್ಡನ್ನು ಇವತ್ತಿನ ಬೆಲೆಗೆ ಇಳಿಸೋ ದರದೊಳಗೆ, ಆಗಲೇ ಸೇರಿರುತ್ತೆ.

ಸವಕಳಿಯಲ್ಲಿ, ಅಂದರೆ ಮೆಷಿನ್ ಸವೆದಂತೆ ಅದರ ಬೆಲೆಯನ್ನು ವರ್ಷವರ್ಷ ಖರ್ಚು ಅಂತ ಬರೆಯೋದರಲ್ಲಿ, ನಾನು ಎಡವಿದ್ದು ಬೇರೆ ಥರ. ಚಿಕ್ಕ ಅಂಕಿಗಳಲ್ಲಿ ಹೇಳ್ತೀನಿ. ಹೊಸ ಮೆಷಿನ್ನಿನ ಸವಕಳಿ ವರ್ಷಕ್ಕೆ 20, ಹಳೆಯದರದ್ದು 4. ಸವಕಳಿ ಅಂತ ದುಡ್ಡೇನೂ ಕೈಬಿಟ್ಟು ಹೋಗಲ್ಲ, ತೆರಿಗೆ ಕಮ್ಮಿಯಾಗುತ್ತೆ ಅಷ್ಟೆ. ತೆರಿಗೆ ಶೇ. 25 ಇದ್ದರೆ, ಹೆಚ್ಚಾದ 16ರ ಮೇಲೆ ಉಳಿಯೋದು 4. ನಾನು ಹಳೆಯದನ್ನು ಮರೆತು 5 ಹಾಕಿದ್ದೆ.

ದೊಡ್ಡ ತಪ್ಪು ಶೀಟಿನಲ್ಲಿ ಕಾಣುವಂಥದ್ದೇ ಅಲ್ಲ. ನನ್ನ ಲೆಕ್ಕದಲ್ಲಿ ಹಳೇ ಮೆಷಿನ್ ಮುಂದಿನ ಐದು ವರ್ಷವೂ ಹೋದ ವರ್ಷದ ಹಾಗೇ ಓಡುತ್ತಿತ್ತು. ಮೇಡಂ ಮೆಂಟೆನೆನ್ಸ್ ರಿಜಿಸ್ಟರ್ ತರಿಸಿದರು. ಎಣ್ಣೆಕಲೆ ಹಾಳೆಗಳಲ್ಲಿ ಆರು ತಿಂಗಳಿಗೆ ನಾಲ್ಕು ಸಲ ಸೀಲಿಂಗ್ ಹೀಟರ್ ಬದಲಿಸಿದ್ದು, ಎರಡು ಸಲ ಮೋಟರ್ ರೀವೈಂಡಿಂಗ್. "ಇನ್ನೆರಡು ವರ್ಷ ಎಳೆದರೆ ಹೆಚ್ಚು ಸಾರ್, ಆಮೇಲೆ ಗೇರ್‌ಬಾಕ್ಸ್ ಪೂರ್ತಿ ಬಿಚ್ಚಬೇಕು" ಅಂದರು ಮೆಕ್ಯಾನಿಕ್. ಹೊಸದು ತಂದರೆ ಆ ಖರ್ಚು ತಪ್ಪುತ್ತೆ, ಹಾಗಾಗಿ ಎರಡನೇ ವರ್ಷದ ಒಳಹರಿವಿಗೆ ಸೇರಿಸಿದೆ. ಹಳೆಯದನ್ನು ಇವತ್ತೇ ಮಾರಿದರೆ ಬರುವ ಹಣವನ್ನು ಆರಂಭದ ಹೂಡಿಕೆಯಲ್ಲಿ ಕಳೆದೆ, ಐದು ವರ್ಷ ಬಿಟ್ಟು ಅದರಿಂದ ಬರಬಹುದಾಗಿದ್ದ ಗುಜರಿ ಬೆಲೆಯನ್ನು ಕೊನೆಯಲ್ಲಿ ಕಳೆದೆ.

ಇಷ್ಟರವರೆಗೆ ಖುಷಿಯಾಗಿದ್ದೆ. ಆಮೇಲೆ ಸೇಲ್ಸ್‌ನವರನ್ನು ಕೇಳಿದೆ. ಮೆಷಿನ್ ಎರಡರಷ್ಟು ವೇಗದ್ದು, ನಿಜ, ಆದರೆ ಆರ್ಡರ್ ಎರಡರಷ್ಟಾಗಲ್ಲವಲ್ಲ! ಸಣ್ಣ ಪ್ಯಾಕೆಟ್ ಹೆಚ್ಚು ಹೋದಷ್ಟೂ ನಮ್ಮದೇ ದೊಡ್ಡ ಪ್ಯಾಕೆಟ್ ಸ್ವಲ್ಪ ಕಮ್ಮಿಯಾಗುತ್ತೆ ಅಂದರು. ಅದನ್ನೂ ಕಳೆದೆ. ಹೆಚ್ಚು ಮಾಲಿಗೆ ಹೆಚ್ಚು ಫಿಲ್ಮ್ ರೋಲ್, ಹೆಚ್ಚು ಉದ್ರಿ. ಆ ದುಡಿಯುವ ಬಂಡವಾಳ ಮೊದಲ ದಿನವೇ ಹೊರಗೆ, ಕೊನೇ ವರ್ಷ ವಾಪಸ್.

ನಿವ್ವಳ ಪ್ರಸ್ತುತ ಮೌಲ್ಯ, ಅಂದರೆ ಮುಂದೆ ಬರೋ ದುಡ್ಡನ್ನೆಲ್ಲ ಇವತ್ತಿನ ಬೆಲೆಗೆ ತಂದು ಹೂಡಿಕೆ ಕಳೆದರೆ ಉಳಿಯೋದು, ನನ್ನ ಮೊದಲ ಶೀಟಿನ ಮೂರನೇ ಒಂದು ಭಾಗಕ್ಕೆ ಇಳಿಯಿತು, ಆದರೂ ಸೊನ್ನೆಗಿಂತ ಮೇಲಿತ್ತು. ಮೆಷಿನ್ ಬಂತು. ರೋಲ್‌ಗಳಿಗೆ ದುಡ್ಡು ಎತ್ತಿಟ್ಟಿದ್ದೆ, ಜಾಗದ ಯೋಚನೆ ಮಾತ್ರ ಮಾಡಿರಲಿಲ್ಲ. ಮೊದಲ ಲೋಡು ಮೂರು ವಾರ ನನ್ನ ಟೇಬಲ್ ಪಕ್ಕದಲ್ಲೇ ನಿಂತಿತ್ತು.