ನಾಲ್ಕು ಮಾತ್ರೆ ಜಾಸ್ತಿ

ಜುಲೈ 14, 2025, ಸೋಮವಾರ
ತೀರ್ಥಹಳ್ಳಿ

ಡಾಕ್ಟರ್ ಇವತ್ತು ಸ್ಟ್ರಿಪ್ ಈಸಿಕೊಂಡು ನನ್ನ ಮನಸ್ಸಿನ ಕಾಯಿಲೆಯ ಮಾತ್ರೆ ಎಣಿಸಿದರು. ನಾಲ್ಕು ಜಾಸ್ತಿ ಇತ್ತು. ಸಿಕ್ಕಿಬಿದ್ದೆ.

ಗುರುವಾರ ಅಮ್ಮ ಲೇಹ್ಯದ ಡಬ್ಬಿ ಹಿಡಿದುಕೊಂಡೇ ಕೇಳಿದ್ದಳು. "ಬಾಣಂತಿ ತಿಂದದ್ದು ಕೂಸಿಗೆ ಇಳೀತದೆ ಅಂತಲೇ ಅಲ್ವನೇ ಇದನ್ನ ಕೊಡೋದು? ಹಂಗಾದ್ರೆ ಆ ಮಾತ್ರೆ ಇಳಿಯಲ್ವಾ?" ನನ್ನ ಬಾಯಿ ಕಟ್ಟಿತು. ಅವತ್ತಿಂದಲೇ ಬಿಟ್ಟೆ, ಯಾರಿಗೂ ಹೇಳದೆ. ಶನಿವಾರಕ್ಕೆ ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟು ಹೊಡೆದ ಹಾಗೆ. ನಿನ್ನೆ ಕೂಸು ಒಳಗೆ ಅಳುತ್ತಿತ್ತು, ನಾನು ಬಚ್ಚಲೊಲೆ ಮುಂದೆ ಸುಮ್ನೆ ಕೂತಿದ್ದೆ. ಕಣ್ಣೀರಿಗೆ ಹೊಗೆ ಇತ್ತಲ್ಲ, ನೆಪಕ್ಕೆ.

ಡಾಕ್ಟರ್ ಬೈಯಲಿಲ್ಲ. "ನಿಮ್ಮಮ್ಮ ಹೇಳಿದ್ದು ಸರಿ, ಇಳಿಯುತ್ತೆ. ಎಷ್ಟು ಅನ್ನೋದು ಪ್ರಶ್ನೆ" ಅಂದರು. ಇಬ್ಬರ ತೂಕಕ್ಕೂ ಹೊಂದಿಸಿ ನೋಡಿದಾಗ ಕೂಸಿಗೆ ಹೋಗೋದು ತಾಯಿಯ ಡೋಸಿನ ಶೇ. 10ರೊಳಗಿದ್ದರೆ ಸಾಮಾನ್ಯವಾಗಿ ಪರವಾಗಿಲ್ಲವಂತೆ. ನನ್ನ ಈ ಮಾತ್ರೆ, ಸರ್ಟ್ರಲಿನ್, ಹೆಚ್ಚಾಗಿ ಶೇ. 3ರೊಳಗೇ. ಹಾಲೂಡಿಸುವವರಿಗೆ ಮೊದಲು ಯೋಚಿಸುವ ಮಾತ್ರೆಗಳಲ್ಲಿ ಇದೂ ಒಂದು. ಕೂಸು ತೀರಾ ಮಂಕಾಗಿ ಮಲಗಿದರೆ, ಹಾಲು ಕುಡಿಯದಿದ್ದರೆ, ತೂಕ ಏರದಿದ್ದರೆ ಬರಬೇಕು. ನಮ್ಮಷ್ಟಕ್ಕೆ ನಾವೇ ನಿಲ್ಲಿಸಬಾರದು. ನಿಲ್ಲಿಸಿದರೆ ಕಾಯಿಲೆ ತಿರುಗಿ ಬರಬಹುದು, ಅದರ ಪೆಟ್ಟು ಕೂಸಿಗೂ ಬೀಳುತ್ತೆ.

ಬಸಿರಾಗುವ ಮೊದಲೇ ನನ್ನ ಹಳೇ ಮಾತ್ರೆ ಪ್ಯಾರಾಕ್ಸೆಟಿನ್ ಬದಲಿಸಿದ್ದೂ ಇವರೇ. ಮೊದಲ ಮೂರು ತಿಂಗಳಲ್ಲಿ ಅದನ್ನು ತಗೊಂಡರೆ ಕೂಸಿನ ಹೃದಯಕ್ಕೆ ತೊಂದರೆ ಆಗಬಹುದು ಅಂತ 2005ರಲ್ಲೇ ಅಮೆರಿಕದಲ್ಲಿ ಎಚ್ಚರಿಕೆ ಕೊಟ್ಟಿದ್ದರಂತೆ. ಅಷ್ಟು ನೋಡಿ ಮಾಡುವವರನ್ನು ಬಿಟ್ಟು ಲೇಹ್ಯದ ಡಬ್ಬಿಗೆ ಹೆದರಿದೆನಲ್ಲ.

ವಾಪಸ್ ಬರುವಾಗ ಮಂಡಗದ್ದೆ ಹತ್ತಿರ ತುಂಗೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಕಿಟಕಿ ಸೀಟು, ಒಂದು ಪ್ಯಾಕೆಟ್ ಕಡ್ಲೆಕಾಯಿ. ಸುಮಾರು ದಿನದ ಮೇಲೆ ಏನೋ ರುಚಿ ಅನ್ನಿಸಿತು.

ಅಮ್ಮನಿಗೆ ಹೇಳಿದೆ. "ಇಳೀತದಂತೆ. ಸ್ವಲ್ಪ."

"ಸ್ವಲ್ಪ ಅಂದ್ರೆ ಎಷ್ಟು?"

ಹೇಳಿದೆ. ಅವಳು ಮೆಣಸಿನ ಸಾರು ಕುದಿಸುತ್ತಾ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಊಟಕ್ಕೆ ಮೊದಲಾ, ಆಮೇಲಾ?"

ಒಂದು ಮಾತು ಮಾತ್ರ ಬಾಕಿ ಇದೆ. ಹುಟ್ಟಿದ ಮೊದಲ ಎರಡು ದಿನ ಕೂಸಿನ ಕೈ ನಡುಗುತ್ತಿತ್ತು. ಅಮ್ಮ ಮಳೆಗಾಲದ ಚಳಿ ಅಂದುಕೊಂಡು ಎರಡು ಟೊಪ್ಪಿ ಹಾಕಿದ್ದಳು. ಕೊನೆ ತಿಂಗಳವರೆಗೂ ಮಾತ್ರೆ ತಗೊಂಡಿದ್ದರೆ ಕೆಲವು ಕೂಸುಗಳಿಗೆ ಹಾಗಾಗುತ್ತೆ, ಹೆಚ್ಚಾಗಿ ಕೆಲವೇ ದಿನದಲ್ಲಿ ಹೋಗುತ್ತೆ ಅಂತ ಡಾಕ್ಟರ್ ಆಗಲೇ ಹೇಳಿದ್ದರು. ಹೋಯಿತು ಕೂಡ. ಅದು ಚಳಿಯಲ್ಲ ಅಂತ ಅಮ್ಮನಿಗೆ ಹೇಳಬೇಕಾ? ಹೇಳಿದರೆ ನಾಳೆಯಿಂದ ಮತ್ತೆ

ಕೂಸು ಎದ್ದಿತು.