ವಿಜಯಪುರದಲ್ಲಿ ಅವಸರವಿಲ್ಲದ ಒಂದು ದಿನ

ಹಂಪಿ, ಐಹೊಳೆ, ಪಟ್ಟದಕಲ್ಲು, ಬಾದಾಮಿ ಮುಗಿಸಿ ಉತ್ತರಕ್ಕೆ ಹೊರಟವರು ವಿಜಯಪುರ ಮುಟ್ಟುವ ಹೊತ್ತಿಗೆ ಕಲ್ಲು ನೋಡಿ ನೋಡಿ ದಣಿದಿರುತ್ತಾರೆ. ವಾರಗಟ್ಟಲೆ ಬ್ಯಾಗು ಹೊತ್ತು ತಿರುಗುವವರಿಗಂತೂ ಒಗೆಯದ ಬಟ್ಟೆ, ಅರ್ಧ ನಿದ್ದೆ, ಕೆಟ್ಟ ಹೊಟ್ಟೆ ಎಲ್ಲವೂ ಜೊತೆಗೇ ಬಂದಿರುತ್ತವೆ. ಆಟೊದವರು ಮುಂದಿಡುವ 'ನಾಲ್ಕು ತಾಸಿನಲ್ಲಿ ಇಡೀ ಊರು' ಎಂಬ ಸುತ್ತು ಇಂಥವರಿಗಲ್ಲ. ಇಲ್ಲಿ ಊರನ್ನಾಳಿದ ಆದಿಲಶಾಹಿ ಸುಲ್ತಾನರ ಕಾಲದ ಕಟ್ಟಡಗಳು ಓಣಿಗೊಂದು ಸಿಗುತ್ತವೆ. ಎಲ್ಲವನ್ನೂ ಮುಗಿಸುತ್ತೇನೆಂದು ಹೊರಟರೆ ಸಂಜೆಗೆ ನೆನಪಿನಲ್ಲಿ ಉಳಿಯುವುದು ಆಟೊದ ಸೀಟು ಮಾತ್ರ.

ಊರು ಪೂರ್ವ-ಪಶ್ಚಿಮವಾಗಿ ಚಾಚಿಕೊಂಡಿದೆ. ಪೂರ್ವದ ತುದಿಯಲ್ಲಿ, ರೈಲು ನಿಲ್ದಾಣಕ್ಕೆ ಹತ್ತಿರದಲ್ಲೇ ಗೋಳಗುಮ್ಮಟ. ಪಶ್ಚಿಮದ ತುದಿಯಲ್ಲಿ, ಹಳೆಯ ಕೋಟೆಗೋಡೆಯಾಚೆ ಇಬ್ರಾಹಿಂ ರೋಜಾ. ನಡುವಿನ ದೂರ ನಾಲ್ಕು ಕಿಲೋಮೀಟರಿನ ಆಸುಪಾಸು. ಮುಖ್ಯವಾದುದೆಲ್ಲ ಈ ನಾಲ್ಕು ಕಿಲೋಮೀಟರಿನಲ್ಲಿದೆ. ಬೆಳಿಗ್ಗೆ ಪೂರ್ವದಲ್ಲಿ ಶುರುಮಾಡಿ ಸಂಜೆ ಪಶ್ಚಿಮದಲ್ಲಿ ಮುಗಿಸಬೇಕು. ಗುಮ್ಮಟಕ್ಕೆ ನಿಶ್ಶಬ್ದ ಬೇಕು, ರೋಜಾಕ್ಕೆ ಇಳಿಬಿಸಿಲು ಬೇಕು, ಅದಕ್ಕೆ ಈ ಕ್ರಮ. ಶುಕ್ರವಾರವೊಂದನ್ನು ಬಿಟ್ಟು ಯಾವ ದಿನವಾದರೂ ಸರಿ. ಅಂದು ಗೋಳಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯಕ್ಕೆ ರಜೆ, ಜಾಮಿಯಾ ಮಸೀದಿಯಲ್ಲಿ ಮಧ್ಯಾಹ್ನದ ದೊಡ್ಡ ನಮಾಜು. ನವೆಂಬರಿನಿಂದ ಫೆಬ್ರವರಿವರೆಗೆ ಹವೆ ಹಿತ. ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಆಗ ಹನ್ನೊಂದರ ಮೇಲೆ ಹೊರಗೆ ಕಾಲಿಡುವುದೇ ತಪ್ಪು.

ಹೊರಡುವ ಮೊದಲು ಒಂದು ಕೆಲಸ: ಬಟ್ಟೆ ಒಗೆದು ಹಗ್ಗಕ್ಕೆ ಹಾಕಿ. ಈ ಒಣಹವೆಯಲ್ಲಿ ಹತ್ತಿಯ ಅಂಗಿ ಮಧ್ಯಾಹ್ನದೊಳಗೆ ಗರಿಗರಿ ಒಣಗುತ್ತದೆ. ಕರಾವಳಿಯಲ್ಲಿ ಮೂರು ದಿನ ಹಸಿ ಅಂಗಿ ಹೊತ್ತು ತಿರುಗಿ ಬಂದವರಿಗೆ ಇದರ ಬೆಲೆ ಗೊತ್ತು.

ಗೋಳಗುಮ್ಮಟಕ್ಕೆ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಒಳಗಿರಬೇಕು. ಟಿಕೆಟ್ ಭಾರತೀಯರಿಗೆ 25 ರೂಪಾಯಿ, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಕಿಟಕಿಯ ಪಕ್ಕದ ಕ್ಯೂಆರ್ ಕೋಡಿನಿಂದ ಕೊಂಡರೆ ಸರದಿಯಲ್ಲಿ ನಿಲ್ಲುವ ಕೆಲಸವೂ ತಪ್ಪುತ್ತದೆ. ಬೆಳಗಿನ ಒಂದೆರಡು ತಾಸು ಇಲ್ಲಿ ಊರವರ ವಾಕಿಂಗ್ ಸಮಯ. ಒಂಬತ್ತೂವರೆ ದಾಟಿತೆಂದರೆ ಶಾಲಾ ಪ್ರವಾಸದ ಬಸ್ಸುಗಳು ಬರತೊಡಗುತ್ತವೆ. ಡಿಸೆಂಬರ್-ಜನವರಿಯಲ್ಲಿ ಸಾಲುಸಾಲಾಗಿ ಬರುತ್ತವೆ. ಒಂದು ಬಸ್ಸಿನ ಮಕ್ಕಳು ಒಳಹೊಕ್ಕು ಕೂಗು ಹಾಕಿದರೆ ಆ ಗುಮ್ಮಟದಡಿ ಮತ್ತೇನೂ ಕೇಳಿಸದು. ಮಕ್ಕಳನ್ನು ದೂರುವಂತಿಲ್ಲ, ಅವರನ್ನು ಕರೆತಂದದ್ದೇ ಕೂಗಿಸಲಿಕ್ಕೆ.

ಒಳಹೊಕ್ಕ ತಕ್ಷಣ ಮೆಟ್ಟಿಲಿಗೆ ಓಡಬೇಡಿ. ನಡುವಿನ ಕಟ್ಟೆಯ ಪಕ್ಕ ನಿಂತು ತಲೆಯೆತ್ತಿ. ಒಳಗಿನ ಚೌಕ ಪ್ರತಿ ಬದಿಗೆ 135 ಅಡಿ, ನಡುವೆ ಒಂದು ಕಂಬವೂ ಇಲ್ಲ. ಚೌಕದ ಮೇಲೆ ದುಂಡನೆಯ ಗುಮ್ಮಟ ಕೂರಿಸಿದ ಬಗೆ ಇಲ್ಲಿಂದ ಚೆನ್ನಾಗಿ ಕಾಣುತ್ತದೆ. ಎಂಟು ದೊಡ್ಡ ಕಮಾನುಗಳು ಒಂದನ್ನೊಂದು ಅಡ್ಡ ಹಾಯುತ್ತವೆ. ಎರಡು ಚೌಕಗಳನ್ನು ಓರೆಯಾಗಿ ಕೂಡಿಸಿ ರಂಗೋಲಿ ಎಳೆದಂತೆ. ಅವು ಕೂಡುವಲ್ಲಿ ಎಂಟು ಮೂಲೆಯ ಬಳೆಯಾಗಿ, ಅದರ ಮೇಲಿನ ಅಂಚು ದುಂಡಾಗಿ ಒಳಕ್ಕೆ ಚಾಚುತ್ತದೆ. ಗುಮ್ಮಟ ಹೊರಕ್ಕೆ ಒದೆಯಲು ನೋಡಿದರೆ ಒಳಕ್ಕೆ ಚಾಚಿದ ಈ ಭಾರ ಅದನ್ನು ಎಳೆದು ಹಿಡಿಯುತ್ತದೆ. ಗುಮ್ಮಟದ ಗೋಡೆಯೇ ಬುಡದಲ್ಲಿ ಹತ್ತು ಅಡಿ ದಪ್ಪ, ಒಳಗಿನ ವ್ಯಾಸ ಸುಮಾರು 38 ಮೀಟರ್. ಇದನ್ನು ತನ್ನ ಸಮಾಧಿಯಾಗಿ ಕಟ್ಟಿಸಿದ ಸುಲ್ತಾನ ಮಹಮ್ಮದ್ ಆದಿಲಶಾಹ 1656ರಲ್ಲಿ ತೀರಿಕೊಂಡಾಗ ಕಟ್ಟಡದ ಅಲಂಕಾರ ಪೂರ್ತಿಯಾಗಿರಲಿಲ್ಲ. ಹೊರಗೋಡೆ ಬೋಳುಬೋಳಾಗಿ ಕಾಣುವುದು ಅದಕ್ಕೇ. ಕಟ್ಟೆಯ ಮೇಲೆ ಕಾಣುವ ಗೋರಿಗಳು ಗುರುತಿಗೆ ಮಾತ್ರ, ನಿಜವಾದ ಸಮಾಧಿಗಳಿರುವುದು ಕೆಳಗಿನ ನೆಲಮಾಳಿಗೆಯಲ್ಲಿ.

ಮೇಲೇರುವ ದಾರಿ ಮೂಲೆಯ ಏಳಂತಸ್ತಿನ ಗೋಪುರದೊಳಗೆ. ಮೆಟ್ಟಿಲು ಕಿರಿದು, ಎತ್ತರ ಜಾಸ್ತಿ, ಬೆಳಕು ಕಡಿಮೆ. ನೂರಕ್ಕೂ ಮೀರಿದ ಈ ಮೆಟ್ಟಿಲುಗಳಲ್ಲಿ ಮೊಣಕಾಲು ನೋವಿನವರು ಹತ್ತುವುದಕ್ಕಿಂತ ಇಳಿಯುವಾಗ ಹೆಚ್ಚು ಕಷ್ಟಪಡುತ್ತಾರೆ. ಬೆನ್ನಿನ ದೊಡ್ಡ ಬ್ಯಾಗು ಗೋಡೆಗೆ ತಾಗುತ್ತದೆ, ಲಾಡ್ಜಿನಲ್ಲೇ ಬಿಟ್ಟು ಬನ್ನಿ. ಪ್ರತಿ ಅಂತಸ್ತಿನಲ್ಲೂ ಕಿಟಕಿ ಇದೆ, ಅಲ್ಲಿ ನಿಂತು ಉಸಿರು ತೆಗೆದುಕೊಂಡು ಮುಂದೆ ಹತ್ತಿ. ಮೇಲೆ ತಾರಸಿಗೆ ಬಂದು, ಗುಮ್ಮಟದ ದಪ್ಪವನ್ನೇ ಕೊರೆದ ಸಣ್ಣ ಬಾಗಿಲಿನಿಂದ ಒಳಹೊಕ್ಕರೆ ಪಿಸುಗುಟ್ಟುವ ಮೊಗಸಾಲೆ. ನೆಲದಿಂದ 109 ಅಡಿ ಮೇಲೆ, ಹನ್ನೊಂದು ಅಡಿ ಅಗಲ.

ಇಲ್ಲಿ ಬಹುತೇಕರು ಮಾಡುವುದು ಚಪ್ಪಾಳೆ ಹೊಡೆದು ಕೂಗುವುದು. ಮರುದನಿ ಏಳು ಸಲ, ಹತ್ತು ಸಲ ಎಂದು ಗೈಡುಗಳು ಎಣಿಸಿ ತೋರಿಸುತ್ತಾರೆ. ಮೊದಲನೆಯದು ಸತ್ತು ಹೋಗುವ ಮುಂಚೆ ಎರಡನೆಯ ಚಪ್ಪಾಳೆ ಹೊಡೆದರೆ ಎಲ್ಲ ಕಲಸಿ ಗದ್ದಲವಾಗುತ್ತದೆ, ಆದ್ದರಿಂದ ಒಂದೇ ಒಂದು ಹೊಡೆದು ಸುಮ್ಮನಿರಿ. ಇದಕ್ಕಿಂತ ಸೊಗಸಾದದ್ದು ಪಿಸುಮಾತು. ಇಬ್ಬರಿದ್ದರೆ ಎದುರುಬದುರು ಬಾಗಿಲುಗಳ ಹತ್ತಿರ ಗೋಡೆಗೆ ಒರಗಿ ಕೂತುಕೊಳ್ಳಿ. ಮಾತಾಡುವವರು ನಡುವಿನ ಬಯಲಿಗೆ ಮುಖ ಮಾಡದೆ ಗೋಡೆಗೆ ಬಾಯಿ ಹತ್ತಿರ ತಂದು ಮೆಲ್ಲಗೆ ಆಡಬೇಕು. ಬಾಗಿದ ಗೋಡೆಯನ್ನು ಹಿಡಿದೇ ಸದ್ದು ಸುತ್ತಿ ಹೋಗುತ್ತದೆ, ಆಚೆಯವರಿಗೆ ಕಿವಿಯ ಪಕ್ಕದಲ್ಲೇ ಹೇಳಿದಂತೆ ಕೇಳುತ್ತದೆ. ಒಬ್ಬರೇ ಬಂದಿದ್ದರೆ ಕಾವಲಿನವರನ್ನು ಕೇಳಿ ನೋಡಿ. ಒಂದು ಕಾಗದ ಹರಿದೋ ಕೈಗಡಿಯಾರವನ್ನು ಗೋಡೆಗೆ ಹಿಡಿದೋ ತೋರಿಸಿಕೊಟ್ಟರೂ ಕೊಟ್ಟಾರು. ಹೊರಬಂದು ತಾರಸಿಯ ಪಶ್ಚಿಮದ ಬದಿಯಿಂದ ನೋಡಿದರೆ ದಿನದ ಉಳಿದ ದಾರಿಯೆಲ್ಲ ಕಣ್ಣೆದುರಿಗೆ.

ಕೆಳಗಿಳಿದ ಮೇಲೆ ಎದುರಿನ ನಗಾರಖಾನೆಯ ಸಂಗ್ರಹಾಲಯಕ್ಕೆ ಅರ್ಧ ತಾಸು ಸಾಕು. ಶಾಸನ, ಶಿಲ್ಪ, ಪಿಂಗಾಣಿ, ಆಯುಧ ಎಲ್ಲ ಇವೆ. ಹಸಿವಾಗಿದ್ದರೆ ಅದನ್ನೂ ಬಿಟ್ಟು ತಿಂಡಿಗೆ ಹೋಗುವುದೇ ಜಾಣತನ.

ತಿಂಡಿಯಾದ ಮೇಲೆ ಜಾಮಿಯಾ ಮಸೀದಿಗೆ ನಡೆದೇ ಹೋಗಬಹುದು, ಸುಮಾರು ಒಂದು ಕಿಲೋಮೀಟರ್. ಒಂದನೇ ಅಲಿ ಆದಿಲಶಾಹ 1565ರ ರಕ್ಕಸತಂಗಡಿ ಯುದ್ಧದ ನಂತರ ಶುರುಮಾಡಿಸಿದ್ದು. ಮೊಣಕಾಲು ಮುಚ್ಚುವ ಬಟ್ಟೆ ಇರಲಿ, ಚಪ್ಪಲಿ ಹೊರಗೆ. ನೆಲದ ಮೇಲೆ ನಮಾಜಿಗೆ ಒಬ್ಬೊಬ್ಬರಿಗೆ ಒಂದರಂತೆ ಗೆರೆ ಎಳೆದ ಮನೆಗಳು 2,250 ಇವೆ. ಔರಂಗಜೇಬನ ಕಾಲದವು ಎನ್ನುತ್ತಾರೆ. ಸುಣ್ಣ ಬಳಿದ ಕಮಾನಿನ ಸಾಲುಗಳ ನಡುವೆ ಹೊರಗಿನ ಬಿಸಿಲು ಮರೆತೇ ಹೋಗುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಹೊರಟರೆ ರಸ್ತೆ ಬದಿಗೇ ಮೆಹತರ್ ಮಹಲ್. ಹೆಸರಿಗೆ ಮಹಲು, ನಿಜದಲ್ಲಿ ಒಂದು ಮಸೀದಿಯ ಹೆಬ್ಬಾಗಿಲು. ಆಟೊದವರು ಇದರೆದುರು ಗಾಡಿ ನಿಲ್ಲಿಸುವುದೂ ಇಲ್ಲ. ಆದರೆ ಮೇಲ್ಮಾಳಿಗೆ ಹೊತ್ತಿರುವ ಕಲ್ಲಿನ ತೋಳುಗಳನ್ನು ಕೆಳಗೆ ನಿಂತು ಐದು ನಿಮಿಷ ನೋಡಿ. ಮರದಲ್ಲಿ ಕೆತ್ತುವಷ್ಟು ತೆಳ್ಳಗೆ ಕಲ್ಲನ್ನು ಇಳಿಸಿ, ಹಕ್ಕಿ-ಪ್ರಾಣಿಗಳನ್ನು ಕಂಡರಿಸಿ, ಅದರ ಮೇಲೇ ಭಾರ ಹೊರಿಸಿದ್ದಾರೆ. ಬಡಗಿಯ ಕೆಲಸವನ್ನು ಕಲ್ಲುಕುಟಿಗ ಹಟಕ್ಕೆ ಬಿದ್ದು ಮಾಡಿದ್ದು. ಇಡೀ ವಿಜಯಪುರದಲ್ಲಿ ಅತ್ಯಂತ ನಾಜೂಕಿನ ಕೆತ್ತನೆ ಎಂದರೆ ಇದೇ, ರೋಜಾ ಅಭಿಮಾನಿಗಳು ಏನೇ ಅನ್ನಲಿ.

ಮುಂದೆ ಅರಕಿಲ್ಲೆ ಎಂಬ ಒಳಕೋಟೆಯೊಳಗಿನ ಗಗನ ಮಹಲ್, 1561ರದ್ದು. ನಡುವಿನ ಕಮಾನು ಅರವತ್ತು ಅಡಿಗೂ ಅಗಲ. 1686ರಲ್ಲಿ ಕೊನೆಯ ಸುಲ್ತಾನ ಸಿಕಂದರನನ್ನು ಬೆಳ್ಳಿಯ ಸರಪಳಿಯಲ್ಲಿ ಔರಂಗಜೇಬನೆದುರು ತಂದು ನಿಲ್ಲಿಸಿದ್ದು ಇಲ್ಲೇ ಎಂಬುದು ಪ್ರತೀತಿ. ಈಗ ಸುತ್ತ ಉದ್ಯಾನ, ಮರದ ನೆರಳು. ಹತ್ತು ನಿಮಿಷ ಕೂರಲಿಕ್ಕೆ ಒಳ್ಳೆಯ ಜಾಗ.

ಹನ್ನೆರಡೂವರೆಗೆ ಗಾಂಧಿ ಚೌಕದ ಕಡೆ ಒಂದು ಖಾನಾವಳಿ ಹಿಡಿಯಿರಿ. ತಡವಾದಷ್ಟೂ ಬಿಸಿರೊಟ್ಟಿ ಸಿಗುವುದು ಅನುಮಾನ. ಕೇಳದಿದ್ದರೆ ಕಡಕ್ ರೊಟ್ಟಿ ತಂದಿಡುವುದುಂಟು, ಬಿಸಿ ಬೇಕಿದ್ದರೆ ಕೂತ ಕೂಡಲೇ ಹೇಳಬೇಕು. ತಾಟಿನಲ್ಲಿ ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಹಿಂಡಿ, ಉಳ್ಳಾಗಡ್ಡಿ, ಮೊಸರು. ಮೊದಲು ರೊಟ್ಟಿ, ಅನ್ನ-ಸಾರು ಆಮೇಲೆ.  ಆದರೆ ಹಸಿಮೆಣಸಿನಕಾಯಿಯ ಚಟ್ನಿಯನ್ನು ನಾಲಗೆಯ ತುದಿಯಲ್ಲಿ ಪರೀಕ್ಷಿಸದೆ ರೊಟ್ಟಿಗೆ ಬಳಿದುಕೊಳ್ಳಬೇಡಿ. ನೀರು ಕುಡಿದರೆ ಆ ಖಾರ ಹೋಗುವುದಿಲ್ಲ, ಮೊಸರು ಬೇಕು. ಉಂಡ ಮೇಲೆ ಕೋಣೆಗೆ ಹೋಗಿ ಮೂರೂವರೆವರೆಗೆ ಮಲಗಿ. ಬಿಸಿಲಲ್ಲಿ ಕಲ್ಲಿನ ಮೇಲೆ ಬರಿಗಾಲಲ್ಲಿ ಕುಣಿಯುವುದಕ್ಕಿಂತ ಇದು ಮೇಲು.

ಸಂಜೆಯ ಸುತ್ತಿಗೆ ಆಟೊ ಅಥವಾ ಟಾಂಗಾ. ಟಾಂಗಾ ಈಗ ಕಡಿಮೆಯಾಗಿವೆ, ಸಿಕ್ಕರೆ ಹತ್ತಿ. ಯಾವುದಾದರೂ ಹತ್ತುವ ಮೊದಲೇ ದರ ಮಾತಾಡಿಕೊಳ್ಳಿ. ಕಾಯುವುದಕ್ಕೂ ಸೇರಿಸಿಯೋ, ಬಿಟ್ಟೋ ಎಂದು ಸ್ಪಷ್ಟ ಕೇಳಿ. ಜಗಳವೆಲ್ಲ ಹುಟ್ಟುವುದು ಕಾಯುವ ಹೊತ್ತಿನ ಲೆಕ್ಕದಲ್ಲಿ. ದಾರಿಯಲ್ಲಿ ಬಾರಾ ಕಮಾನ್ ಹೊರಗಿನಿಂದಲೇ ನೋಡಿದರೂ ಸಾಕು. ಎರಡನೇ ಅಲಿ ಆದಿಲಶಾಹನ ಸಮಾಧಿ ಮೇಲೇಳದೆ ನಿಂತುಹೋಗಿ ಕಪ್ಪುಕಲ್ಲಿನ ಕಮಾನುಗಳಷ್ಟೇ ಉಳಿದಿವೆ.

ಮಲಿಕ್-ಎ-ಮೈದಾನ್ ತೋಪನ್ನು ಮಾತ್ರ ಹತ್ತಿರ ಹೋಗಿ ಮುಟ್ಟಿ ನೋಡಬೇಕು. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದದ್ದು. ಹದಿನಾಲ್ಕು ಅಡಿಗೂ ಮೀರಿದ ಉದ್ದ, ಸುಮಾರು 55 ಟನ್ ತೂಕ. ಬಾಯಿಯ ಬಳಿ ಸಿಂಹದ ಮುಖ, ಅದರ ಕೋರೆಗಳ ನಡುವೆ ಆನೆ ಸಿಕ್ಕಿಕೊಂಡಿದೆ. ಗಂಟೆಯ ಲೋಹವಾದ್ದರಿಂದ ಬೆರಳಗಂಟಿನಿಂದ ತಟ್ಟಿದರೆ ಸಣ್ಣಗೆ ಗಣ್ಣೆನ್ನುತ್ತದೆ. ಇಂಥದ್ದನ್ನು 1854ರಲ್ಲಿ ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ. ಅಷ್ಟು ಕಡಿಮೆಗೆ ಮಾರುವುದು ಬೇಡವೆಂದು ಬಿಟ್ಟಿದ್ದರಿಂದ ಉಳಿಯಿತು. ಪಕ್ಕದ ಉಪ್ಪಲಿ ಬುರುಜಿಗೆ ಹೊರಮೈ ಸುತ್ತಿಕೊಂಡು ಹೋಗುವ ಮೆಟ್ಟಿಲಿದೆ, ಎತ್ತರ ಸುಮಾರು 80 ಅಡಿ. ಹಿಡಿದುಕೊಳ್ಳಲು ಆಸರೆ ಕಡಿಮೆ, ತಲೆ ಸುತ್ತುವವರು ಕೆಳಗೇ ಚಹಾ ಕುಡಿಯುವುದು ಒಳಿತು. ಮೇಲಿರುವ ಉದ್ದನೆಯ ತೋಪು ಮೂವತ್ತು ಅಡಿ. ಎರಕದ್ದಲ್ಲ, ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ ಮೇಲೆ ಬಳೆ ಹಾಕಿ ಬಿಗಿದದ್ದು. ಹತ್ತಿರದಿಂದ ನೋಡಿದರೆ ಬಳೆಗಳು ಎಣಿಸುವಷ್ಟು ಸ್ಪಷ್ಟ.

ಇಬ್ರಾಹಿಂ ರೋಜಾಕ್ಕೆ ಬಾಗಿಲು ಹಾಕುವುದಕ್ಕೆ ಒಂದೂವರೆ ತಾಸು ಮುಂಚೆಯಾದರೂ ತಲುಪಿರಬೇಕು. ಇದಕ್ಕೆ ಬೇರೆ ಟಿಕೆಟ್. ಒಂದೇ ಜಗಲಿಯ ಮೇಲೆ ಪೂರ್ವಕ್ಕೆ ಸಮಾಧಿ, ಪಶ್ಚಿಮಕ್ಕೆ ಮಸೀದಿ, ನಡುವೆ ನೀರಿನ ಕೊಳ. ಸಂಗೀತದ ಹುಚ್ಚಿನ, ಸರಸ್ವತಿಯನ್ನು ಸ್ತುತಿಸಿದ ಎರಡನೇ ಇಬ್ರಾಹಿಂ ಆದಿಲಶಾಹನ ಸಮಾಧಿ ಇದು. ಕಟ್ಟಿಸಿದವನು ಮಲಿಕ್ ಸಂದಲ್ ಎಂದೂ ಒಂದೂವರೆ ಲಕ್ಷ ಹೊನ್ನಿಗೆ ಮೀರಿ ಖರ್ಚಾಯಿತೆಂದೂ ಶಾಸನ ಹೇಳುತ್ತದೆ. ಗೋಡೆಯ ಅಕ್ಷರಗಳ ಕೆತ್ತನೆ ಬಹಳ ಆಳವಿಲ್ಲ. ನಡುಹಗಲಿನಲ್ಲಿ ಅದು ಚಪ್ಪಟೆಯಾಗಿ ಕಾಣುತ್ತದೆ. ಇಳಿಬಿಸಿಲು ಮೊಗಸಾಲೆಯ ಕಮಾನುಗಳೊಳಗೆ ಅಡ್ಡಲಾಗಿ ಬಿದ್ದಾಗ ಒಂದೊಂದು ಗೀರೂ ನೆರಳು ಚೆಲ್ಲಿ ಎದ್ದು ನಿಲ್ಲುತ್ತದೆ. ಒಳಕೋಣೆಯ ಕಿಟಕಿಗಳಲ್ಲಿ ಅಕ್ಷರಗಳನ್ನೇ ಜಾಲರಿಯಾಗಿ ಕೊರೆದಿದ್ದಾರೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಎರಡು ನಿಮಿಷ ನಿಂತು, ಆಮೇಲೆ ಮೇಲೆ ನೋಡಿ. ನಲವತ್ತು ಅಡಿ ಚೌಕದ ಕೋಣೆಗೆ ಕಲ್ಲಿನ ಚಪ್ಪಟೆ ಚಾವಣಿ, ಕೆಳಗೆ ತೊಲೆಯಿಲ್ಲ, ಕಂಬವಿಲ್ಲ. ತಾಜಮಹಲಿಗೆ ಇದೇ ಸ್ಫೂರ್ತಿ ಎಂದು ಗೈಡುಗಳು ಹೇಳದೆ ಬಿಡುವುದಿಲ್ಲ. ಆಗ್ರಾದ ಕೆಲಸ ಇದಾದ ಕೆಲವೇ ವರ್ಷಗಳಿಗೆ, 1632ರಲ್ಲಿ ಶುರುವಾಯಿತೆಂಬುದು ಸರಿ. ಆದರೆ ಅಲ್ಲಿನ ಮಿನಾರುಗಳು ಸಮಾಧಿಯಿಂದ ದೂರ ನಿಂತಿವೆ, ಇಲ್ಲಿನವು ಕಟ್ಟಡದ ಮೂಲೆಗೇ ಅಂಟಿಕೊಂಡಿವೆ. ಹೋಲಿಕೆ ಇಲ್ಲದೆಯೂ ಇದು ನಿಲ್ಲಬಲ್ಲದು.

ಬಿಟ್ಟದ್ದೇನು? ಆಸಾರ್ ಮಹಲ್, ತಾಜ್ ಬಾವಡಿ, ಜೋಡಗುಮ್ಮಟ. ಬಾವಿ-ಕೆರೆಗಳ ಮೇಲೆ ಆಸಕ್ತಿಯಿದ್ದರೆ ತಾಜ್ ಬಾವಡಿಗೆ ಇನ್ನೊಂದು ಬೆಳಿಗ್ಗೆ ಮೀಸಲಿಡಿ. ಆಸಾರ್ ಮಹಲಿನ ಒಳಗೆ ಹೆಂಗಸರಿಗೆ ಪ್ರವೇಶವಿಲ್ಲ. ಮುಂದಿನ ಊರಿಗೆ ಹೊರಡುವ ಮುನ್ನ ಪೇಟೆಯಲ್ಲಿ ಅರ್ಧ ಕಿಲೋ ಒಣದ್ರಾಕ್ಷಿ ಕಟ್ಟಿಸಿಕೊಳ್ಳಿ, ಈ ಜಿಲ್ಲೆಯದೇ ಬೆಳೆ. ತೀರ ಹೊಳೆಯುವುದಕ್ಕಿಂತ ಸ್ವಲ್ಪ ಮಂಕಾದದ್ದನ್ನು ಒಂದೆರಡು ಬಾಯಿಗೆ ಹಾಕಿಕೊಂಡು ಆರಿಸಿ. ಸೊಲ್ಲಾಪುರ ನೂರು ಕಿಲೋಮೀಟರ್, ರೈಲೂ ಇದೆ ಬಸ್ಸೂ ಇದೆ. ಬೀದರಿನ ಕಡೆ ಹೋಗುವವರು ಕಲಬುರಗಿಯ ಬಸ್ಸು ಹಿಡಿಯಬೇಕು, ನಾಲ್ಕು ತಾಸಿನ ಹಾದಿ. ಬೆಳಗಿನ ಬಸ್ಸಾದರೆ ಬಿಸಿಲೇರುವ ಮುಂಚೆ ಇಳಿಯಬಹುದು.