ಹಿಂದೆ ಏನಿದೆ?

"ಹಿಂದೆ ಏನಿದೆ?"

"ರನ್‌ವೇ, ಸರ್."

"ಮುಂದೆ?"

ನನ್ನ ಬಳಿ ಉತ್ತರ ಇರಲಿಲ್ಲ. ನಾನು ಮುಂದೆ ನೋಡಿಯೇ ಇರಲಿಲ್ಲ.

ಮಂಗಳವಾರ ಬೆಳಿಗ್ಗೆಯ ಮಾತು ಇದು. ಇನ್ನೂ ಕಿವಿ ಬಿಟ್ಟು ಹೋಗಿಲ್ಲ. ಹಾರಲು ಕಲಿಯುತ್ತಿರುವ ನಾನು, ಸೆಸ್ನಾ 172 ಎಂಬ ಒಂದೇ ಎಂಜಿನ್‌ನ ಪುಟ್ಟ ವಿಮಾನದಲ್ಲಿ ಬೋಧಕರ ಜೊತೆ ನೆಲ ಬಿಟ್ಟು ಸುಮಾರು 700 ಅಡಿ ಏರಿದ್ದೆವು. ಅವರು ಏನೂ ಹೇಳದೆ ಥ್ರಾಟಲ್, ಅಂದರೆ ಎಂಜಿನ್ ಶಕ್ತಿ ಹೆಚ್ಚುಕಡಿಮೆ ಮಾಡುವ ಹಿಡಿ, ಎಳೆದುಬಿಟ್ಟರು. ಎಂಜಿನ್ ಸದ್ದು ಕುಸಿಯಿತು. ಅಭ್ಯಾಸ ಅಂತ ಗೊತ್ತಿತ್ತು. ಆದರೂ ಕತ್ತು ತಾನಾಗಿ ಎಡಕ್ಕೆ, ಹಿಂದಕ್ಕೆ ತಿರುಗಿತು. ಕೈಯೂ ಅದೇ ಕಡೆ ಹೊರಟಿತ್ತು. ಅಷ್ಟರಲ್ಲಿ ಅವರು ವಿಮಾನದ ಮೂಗು ಕೆಳಗಿಳಿಸಿ ಆ ಪ್ರಶ್ನೆ ಕೇಳಿದರು.

ಓದಿದ್ದೆಲ್ಲ ನನಗೆ ಬಾಯಿಪಾಠ. ಏರುವಾಗ ಎಂಜಿನ್ ಕೈಕೊಟ್ಟರೆ ವೇಗ ನೋಡನೋಡುತ್ತಲೇ ಕರಗುತ್ತದೆ. ಮೊದಲು ಮೂಗು ಇಳಿಸಬೇಕು, ಸುಮಾರು 65 ನಾಟ್ (ಗಂಟೆಗೆ 120 ಕಿ.ಮೀ.) ವೇಗ ಹಿಡಿಯಬೇಕು. ಆ ಎತ್ತರದಿಂದ ಸಿಗುವುದು ಒಂದು ನಿಮಿಷದಷ್ಟು ಹೊತ್ತು. ವಾಪಸ್ ಹೋಗಲು ಸುಮ್ನೆ 180 ಡಿಗ್ರಿ ತಿರುಗಿದರೆ ಸಾಲದು. ಆಗ ರನ್‌ವೇ ಪಕ್ಕದಲ್ಲಿ ಎಲ್ಲೋ ಇರುತ್ತದೆ. ಇನ್ನಷ್ಟು ತಿರುಗಿ, ಮತ್ತೆ ಈ ಕಡೆ ತಿರುಗಿ ನೇರ ಮಾಡಿಕೊಳ್ಳಬೇಕು. 45 ಡಿಗ್ರಿ ವಾಲಿಸಿದರೆ ಸ್ಟಾಲ್ ವೇಗವೇ, ಅಂದರೆ ಯಾವ ವೇಗಕ್ಕಿಂತ ಕೆಳಗೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದೋ ಅದೇ, ಶೇ. 19ರಷ್ಟು ಏರುತ್ತದೆ. ನೆಲ ಮೇಲೆದ್ದು ಬರುವುದು ಕಂಡಾಗ ಮೂಗು ಎತ್ತೋಣ ಅನ್ನಿಸುತ್ತದೆ. ಅಲ್ಲಿ ಸ್ಟಾಲ್ ಆಗಿ ಸ್ಪಿನ್ ಆದರೆ, ಅಂದರೆ ಗಿರಗಿರ ಸುತ್ತುತ್ತಾ ಬೀಳತೊಡಗಿದರೆ, ಸುಧಾರಿಸಿಕೊಳ್ಳಲು ಎತ್ತರವೇ ಇರುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಕತ್ತು ತಿರುಗಿತಲ್ಲ!

ನನ್ನ ಜೊತೆ ಕಲಿಯುವ ಒಬ್ಬ, ತಾನಾಗಿದ್ದರೆ ತಿರುಗಿಸಿ ಇಳಿಸುತ್ತಿದ್ದೆ ಅಂದ. ಒಳ್ಳೆಯ ಹುಡುಗ, ಕೈ ನನಗಿಂತ ಚುರುಕು. ಅದಕ್ಕೇ ಅವನ ಬಗ್ಗೆ ನನಗೆ ಭಯ ಜಾಸ್ತಿ. ಬೋಧಕರನ್ನು ಇಷ್ಟು ದಿನ ಸಿಡುಕ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುತ್ತಿಲ್ಲ.

2009ರಲ್ಲಿ ಹಕ್ಕಿಗಳು ಬಡಿದು ಎಂಜಿನ್ ಕೈಕೊಟ್ಟಾಗ ನ್ಯೂಯಾರ್ಕ್‌ನ ಹಡ್ಸನ್ ನದಿಯ ಮೇಲೆ ಇಳಿದ ವಿಮಾನ ನೆನಪಾಯಿತು. ಅದು ದೊಡ್ಡ ಏರ್‌ಬಸ್, ಒಳಗೆ 155 ಜನ, ಎಲ್ಲರೂ ಬದುಕಿದರು. ಆಮೇಲೆ ಸಿಮ್ಯುಲೇಟರ್‌ನಲ್ಲಿ, ಹಕ್ಕಿ ಬಡಿದ ಕೂಡಲೇ ತಿರುಗಿಸಿದಾಗ ಹೊರಟ ನಿಲ್ದಾಣಕ್ಕೆ ಮರಳಲು ಆಯಿತು. ಪೈಲಟ್‌ಗೆ ಯೋಚಿಸಲು 35 ಸೆಕೆಂಡ್ ಕೊಟ್ಟು ನೋಡಿದಾಗ ಆಗಲಿಲ್ಲ. ಆ ವಿಮಾನದ ಪೈಲಟ್ ಸಲ್ಲೆನ್‌ಬರ್ಗರ್ ಅವರ ಹಿಂದೆಯೂ ರನ್‌ವೇ ಇತ್ತು, ಅಲ್ವಾ? ಅದನ್ನು ಬಿಟ್ಟುಕೊಡಲು ಮನಸ್ಸು ಎಷ್ಟು ಗಟ್ಟಿ ಇರಬೇಕು ಅಂತ ನನಗೆ ಈಗ ಗೊತ್ತಾಗುತ್ತಿದೆ. ರನ್‌ವೇ ಅಂದರೆ ವಿಮಾನ ಉಳಿಯುತ್ತದೆ, ಏನೂ ಆಗಿಲ್ಲ ಅನ್ನುವ ಹಾಗೆ ಮನೆಗೆ ಹೋಗಬಹುದು. ಹೊಲ ಅಂದರೆ ರೆಕ್ಕೆ ಮುರಿಯಬಹುದು, ಚಕ್ರ ಕಿತ್ತುಹೋಗಬಹುದು. ಅದನ್ನು ಒಪ್ಪಿಕೊಳ್ಳಲು ಆಗದೆ ನನ್ನ ಕತ್ತು ತಿರುಗಿತ್ತು.

ಅವತ್ತು ಹೊರಡುವ ಮುಂಚೆ ಬ್ರೀಫಿಂಗ್‌ನಲ್ಲಿ ನಾನೇ ಹೇಳಿದ್ದೆ: "ಈ ಎತ್ತರದಲ್ಲಿ ಎಂಜಿನ್ ನಿಂತರೆ ನೇರ ಮುಂದೆ ಇಳಿಸುತ್ತೇನೆ." ಬರೀ ಗಿಣಿಪಾಠ. ಆ "ಮುಂದೆ" ಅನ್ನುವ ಜಾಗದಲ್ಲಿ ಏನಿದೆ ಅಂತ ಒಮ್ಮೆಯೂ ನೋಡಿರಲಿಲ್ಲ.

ನಿನ್ನೆ ಹಾರುವ ಮುಂಚೆ ರನ್‌ವೇ ಆಚೆಯ ಜಾಗವನ್ನು ಉಪಗ್ರಹ ಚಿತ್ರದಲ್ಲಿ ತುಂಬಾ ಹೊತ್ತು ನೋಡಿದೆ. ಬ್ರೀಫಿಂಗ್‌ನಲ್ಲಿ ಹೇಳಿದೆ: "ನೇರಕ್ಕೆ ವಿದ್ಯುತ್ ತಂತಿ. ಸ್ವಲ್ಪ ಬಲಕ್ಕೆ ಉದ್ದನೆಯ ಹೊಲ. ಅಲ್ಲಿಗೆ ಹೋಗುತ್ತೇನೆ."

ಬೋಧಕರು ಏನೂ ಅನ್ನಲಿಲ್ಲ. ಸೀಟ್‌ಬೆಲ್ಟ್ ಬಿಗಿ ಮಾಡಿಕೊಂಡರು.